ಮನೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಿಸುವ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ರಜೆಯಲ್ಲಿ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಯಂತ್ರಗಳ ಆಪರೇಟಿಂಗ್ ಸಿಸ್ಟಮನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು, ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಬದಲಿಸಿದ್ದೇವೆ. ಬದಲಿಸಲು ಒಗ್ಗದ ಕೆಲವಕ್ಕೆ ಬೇರೆ ಏರ್ಪಾಡು ಮಾಡಿದ್ದೇವೆ. ಮಕ್ಕಳು ಮನೆಯಲ್ಲಿ ಓದಿಗೆ ಬಳಸುವ ಕಂಪ್ಯೂಟರಿನಲ್ಲಿಯೂ ಇದೇ ಕೆಲಸ ಆಗಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಹಿಂದಿನ ಪೋಷಕರ ಸಭೆಯಲ್ಲಿ ಈ ಮಾತು ಬಂದಾಗ ಒಬ್ಬರು, "ನಮ್ಮ ಮನೆಯದು ಇವತ್ತಿಗೂ ಚೆನ್ನಾಗಿಯೇ ನಡೀತಿದೆಯಲ್ಲ ಸಾರ್, ಸುಮ್ಮನೆ ಯಾಕೆ ಮುಟ್ಟಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದು ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮರುದಿನ ಯಾರ ಕಂಪ್ಯೂಟರೂ ಕೈಕೊಡಲಿಲ್ಲ, ಪರದೆಯ ಮೇಲೆ ಏನೂ ಬದಲಾಗಲಿಲ್ಲ. ತೊಡಕು ಇರುವುದೇ ಅಲ್ಲಿ. ನಿಂತುಹೋದದ್ದು ನಮ್ಮ ಕಣ್ಣಿಗೆ ಬೀಳದ ಒಂದು ಕೆಲಸ. ಕೋಟಿಗಟ್ಟಲೆ ಸಾಲುಗಳ ಈ ತಂತ್ರಾಂಶದಲ್ಲಿ ಹೊಸ ಹೊಸ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ತೇಪೆಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ರೂಪದಲ್ಲಿ ಬರುತ್ತಿದ್ದವು. ಈಗ ಆ ತೇಪೆಗಳು ವಿಂಡೋಸ್ 11ಕ್ಕೆ ಬರುತ್ತವೆ, 10ಕ್ಕೆ ತಾನಾಗಿ ಬರುವುದಿಲ್ಲ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಎರಡು ಆವೃತ್ತಿಗಳ ಒಳಗಿನ ಬರವಣಿಗೆಯ ಬಹುಭಾಗ ಒಂದೇ ಆಗಿರುವುದರಿಂದ, ಹೊಸದಕ್ಕೆ ತೇಪೆ ಬಂದ ದಿನವೇ ಕಿಡಿಗೇಡಿಗಳು ಹಳೆಯ ಕಡತವನ್ನೂ ಹೊಸ ಕಡತವನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ತಿದ್ದಲಾಗಿದೆ ಎಂಬುದನ್ನು ನೋಡಿ, ಅದೇ ತೂತು ಹಳೆಯದರಲ್ಲಿ ಎಲ್ಲಿದೆ ಎಂದು ತಿಳಿದುಕೊಳ್ಳಬಲ್ಲರು. ಹೊಸ ಮನೆಯ ಬೀಗ ರಿಪೇರಿಯಾಗುವುದೇ ಹಳೆಯ ಮನೆಯ ಕಳ್ಳನಿಗೆ ಸುಳಿವಾದಂತೆ.

ಇದು ಬರೀ ಊಹೆಯ ಮಾತಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡತೊಡಗಿತು. ಕಂಪ್ಯೂಟರಿನೊಳಗಿನ ಕಡತಗಳನ್ನೆಲ್ಲ ತೆರೆಯಲಾಗದಂತೆ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವುದು ಅದರ ರೀತಿ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದಕ್ಕೆ ತುತ್ತಾದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳಿಗೆ ಗೊತ್ತುಮಾಡಿದ್ದ ಸಾವಿರಾರು ಭೇಟಿಗಳನ್ನು ರದ್ದುಪಡಿಸಬೇಕಾಯಿತು. ಯಾರೂ ಯಾವ ಕೊಂಡಿಯನ್ನೂ ಒತ್ತದಿದ್ದರೂ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ತಾನೇ ಹರಿದುಹೋಗುತ್ತಿತ್ತು. ಆ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮುಂಚೆಯೇ ಬಂದಿತ್ತು. ಹೆಚ್ಚು ಪೆಟ್ಟು ತಿಂದದ್ದು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರ ಯಂತ್ರಗಳು, ಅದೂ ಬಂದ ಅಪ್‌ಡೇಟನ್ನು ಹಾಕಿಕೊಳ್ಳದೆ ಬಿಟ್ಟವು. 2014ರಲ್ಲಿಯೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿ ಬಳಸುವವರಿಗೆಲ್ಲ ತೇಪೆ ಸಿಕ್ಕಿದ್ದು ದಾಳಿ ಆದ ಮೇಲೆ, ಅದೂ ವಿಶೇಷ ಸಂದರ್ಭವೆಂದು. ಅಪ್‌ಡೇಟ್ ಬಂದರೂ ಹಾಕಿಕೊಳ್ಳದವರ ಪಾಡು ಹಾಗಾದರೆ, ಅಪ್‌ಡೇಟೇ ಬಾರದ ಯಂತ್ರವನ್ನು ಮಗುವಿನ ಕೈಗೆ ಕೊಡಲು ನನಗಂತೂ ಧೈರ್ಯ ಸಾಲದು.

ಆಂಟಿವೈರಸ್ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇರಲಿ, ತೆಗೆಯಬೇಡಿ. ಆದರೆ ಅದು ಆಪರೇಟಿಂಗ್ ಸಿಸ್ಟಮ್‌ನ ಮೇಲೆ ನಿಂತು ಕಾವಲು ಕಾಯುವ ಕಾರ್ಯಕ್ರಮ. ತಳದಲ್ಲಿಯೇ ಬಿರುಕಿದ್ದರೆ ಅದನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಬ್ರೌಸರುಗಳೂ ಹಳೆಯ ವಿಂಡೋಸನ್ನು ಎಂದೆಂದಿಗೂ ಕೈಹಿಡಿದು ನಡೆಸುವುದಿಲ್ಲ. ವಿಂಡೋಸ್ 7ರಲ್ಲಿ ಕ್ರೋಮ್ 2023ರ ಆರಂಭದಲ್ಲಿ 109ನೇ ಆವೃತ್ತಿಗೇ ನಿಂತಿತು.

ಹೊಸ ಆವೃತ್ತಿಯ ಅಂದಚೆಂದಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸ್ಟಾರ್ಟ್ ಗುಂಡಿ ಎಡಮೂಲೆಯಿಂದ ನಡುವಿಗೆ ಬಂದದ್ದರಿಂದ ಯಾವ ಮಗುವಿನ ಗಣಿತವೂ ಸುಧಾರಿಸುವುದಿಲ್ಲ. ಭದ್ರತೆಯ ಕಾರಣ ಇಲ್ಲದಿದ್ದರೆ ಈ ಪತ್ರವನ್ನು ನಾನು ಬರೆಯುತ್ತಿರಲಿಲ್ಲ.

ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. 64 ಬಿಟ್‌ನ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಜಾಗ, ಯಂತ್ರ ಆನ್ ಆಗುವಾಗ ನಂಬಲರ್ಹ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಗುಪ್ತ ಕೀಲಿಗಳನ್ನು ಜೋಪಾನವಾಗಿಡುವ ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು. ಸ್ಥೂಲವಾಗಿ ಹೇಳುವುದಾದರೆ, 2018ರಿಂದ ಈಚಿನ ಯಂತ್ರಗಳಿಗೆ ಇದು ಕಷ್ಟವಲ್ಲ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಕಾರ್ಯಕ್ರಮ ನಿಮ್ಮ ಯಂತ್ರವನ್ನು ಪರೀಕ್ಷಿಸಿ ಉತ್ತರ ಹೇಳುತ್ತದೆ. ಅದು "ಇಲ್ಲ" ಎಂದ ಮಾತ್ರಕ್ಕೆ ಕೈಬಿಡಬೇಡಿ. ನಮ್ಮ ಕೊಠಡಿಯ ಕಿಟಕಿ ಸಾಲಿನ ಎರಡು ಕಂಪ್ಯೂಟರುಗಳು ಮೊದಲು ಅನರ್ಹವೆಂದೇ ಬಂದವು. ಕಂಪ್ಯೂಟರ್ ಶಿಕ್ಷಕಿಯವರು ಯಂತ್ರವನ್ನು ಮತ್ತೆ ಆನ್ ಮಾಡುತ್ತಲೇ, ಅದರ ಮೂಲ ಸೆಟ್ಟಿಂಗುಗಳಿರುವ ಬಯಾಸ್ ತೆರೆದು ನೋಡಿದಾಗ, ಟಿಪಿಎಂ ಇದ್ದೂ ಆಫ್ ಆಗಿತ್ತು. ಆನ್ ಮಾಡಿದ ಮೇಲೆ ಎರಡೂ ತೇರ್ಗಡೆಯಾದವು. ಮನೆಯಲ್ಲಿ ಹೀಗೆ ಮಾಡುವವರು ಮೊದಲು, ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿಟ್ಟು ಕಾಯುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು (ಮತ್ತೆ ತೆರೆಯಲು ಬೇಕಾಗುವ ಸಂಖ್ಯೆಯನ್ನು) ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಅಗತ್ಯ. ಬಯಾಸ್‌ನಲ್ಲಿ ಬದಲಾವಣೆಯಾದಾಗ ಕಂಪ್ಯೂಟರ್ ಅದನ್ನು ಕೇಳುವ ಸಂಭವವಿದೆ, ಆಗ ಹುಡುಕಾಡಿದರೆ ಸಿಗುವುದಿಲ್ಲ.

ಅಧಿಕೃತ ವಿಂಡೋಸ್ 10 ಇರುವ ಅರ್ಹ ಯಂತ್ರಕ್ಕೆ ಹೊಸ ಆವೃತ್ತಿ ಉಚಿತ. ಶುರು ಮಾಡುವ ಮುನ್ನ ಫೋಟೋ, ಕಾಗದಪತ್ರ, ಮಕ್ಕಳ ಪ್ರಾಜೆಕ್ಟುಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದೂ ನೋಡಿಕೊಳ್ಳಿ. ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಹಾಕಿಯೇ ಇಡಿ. ಹೊಸದು ಸರಿಬಾರದಿದ್ದರೆ 10 ದಿನಗಳೊಳಗೆ ಹಿಂದಿನದಕ್ಕೆ ಮರಳುವ ಅವಕಾಶವಿರುತ್ತದೆ. ಬಹಳ ಹಳೆಯ ಪ್ರಿಂಟರುಗಳು ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಮೊದಲ ದಿನವೇ ಪರೀಕ್ಷಿಸಿ.

ಅರ್ಹವಲ್ಲದ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಪೋಷಕರಿಗೆ ಆ ಹೊರೆ ಹೊರಿಸುವುದು ಶಾಲೆಯ ಉದ್ದೇಶವಲ್ಲ. ಮನೆಬಳಕೆಯವರಿಗೆಂದು ಮೈಕ್ರೋಸಾಫ್ಟ್ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಘೋಷಿಸಿದಾಗ ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ ಎಂದಿತ್ತು. ಅದಕ್ಕೆ ನೀವೇ ನೋಂದಾಯಿಸಿಕೊಳ್ಳಬೇಕು, ಮತ್ತು ಅದು ಸಮಯಾವಕಾಶವೇ ಹೊರತು ಪರಿಹಾರವಲ್ಲ. ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ದಾರಿ. ಶಾಲೆಯಲ್ಲಿ ಏರಿಸಲಾಗದೆ ಉಳಿದ ಯಂತ್ರಗಳಿಗೆ ವಿಂಡೋಸ್ ಬದಲಿಗೆ ಉಬುಂಟು ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆವು. ಅದರ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷ ಅಪ್‌ಡೇಟ್ ಬರುತ್ತದೆ. ಬ್ರೌಸರ್ ಮತ್ತು ಬರೆಯಲು, ಲೆಕ್ಕ ಹಾಕಲು ಬಳಸುವ ಲಿಬ್ರೆ ಆಫೀಸ್ ಇದ್ದರೆ ಮಕ್ಕಳ ಮನೆಗೆಲಸ ನಡೆಯುತ್ತದೆ. ಮಕ್ಕಳು ಒಂದೇ ತರಗತಿಯಲ್ಲಿ ಒಗ್ಗಿಕೊಂಡರು, ನನಗೆ ಹದಿನೈದು ದಿನ ಬೇಕಾಯಿತು. ಕಚೇರಿಯ ಒಂದು ಹಳೆಯ ಕಾರ್ಯಕ್ರಮ ಮಾತ್ರ ಹಳೆಯ ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯದು. ಆ ಯಂತ್ರದ ಇಂಟರ್‌ನೆಟ್ ಕೇಬಲ್ ಕಿತ್ತು, ಮೇಲೊಂದು ಚೀಟಿ ಅಂಟಿಸಿ ಇಟ್ಟಿದ್ದೇವೆ. ಅರ್ಹತೆಯ ತಪಾಸಣೆಯನ್ನೇ ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿಗೆ ಒಪ್ಪಬೇಡಿ; ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ.

"ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸಂದೇಶ ಪರದೆಯ ಮೇಲೆ ಮೂಡಿದರೆ ಅದು ಮೋಸವೆಂದೇ ತಿಳಿಯಿರಿ. ನಿಜವಾದ ಅಪ್‌ಡೇಟ್ ಸೆಟ್ಟಿಂಗ್ಸ್‌ನೊಳಗಿನ ವಿಂಡೋಸ್ ಅಪ್‌ಡೇಟ್‌ನಲ್ಲಿ ಸಿಗುತ್ತದೆ, ಫೋನ್ ಕರೆಯಲ್ಲಿ ಅಲ್ಲ. ಹೊಸದು ಹಾಕಿದ ಮೇಲೆ ಮಗುವಿಗೆ ಪ್ರತ್ಯೇಕ ಖಾತೆ ತೆರೆದು, ಅದಕ್ಕೆ ಇಡೀ ಯಂತ್ರವನ್ನು ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡದಿರುವುದು ಲೇಸು.

ಈ ಪತ್ರದ ಕೆಳಗಿನ ಚೀಟಿಯಲ್ಲಿ ಮನೆಯ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂದು ಬರೆದು, ಸಹಿ ಮಾಡಿ, ಸೋಮವಾರ ತರಗತಿ ಶಿಕ್ಷಕರಿಗೆ ತಲುಪಿಸಿ. ಮುಂದಿನ ಎರಡು ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೊಠಡಿ ತೆರೆದಿರುತ್ತದೆ. ಲ್ಯಾಪ್‌ಟಾಪ್ ತಂದವರಿಗೆ ಅರ್ಹತೆ ಪರೀಕ್ಷಿಸಿ ಕೊಡುತ್ತೇವೆ, ಆದರೆ ಯಂತ್ರದ ಜೊತೆ ನೀವೂ ಬರಬೇಕು. ದಯವಿಟ್ಟು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಕಳಿಸಬೇಡಿ. ಕಳೆದ ಬಾರಿ ನಾಲ್ವರು ಕಳಿಸಿದ್ದರು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು