ಹವಳ ಅಂಟಿಸುವುದು ಒಂದು ಸಾಲಿನ ಕೆಲಸವಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲಿ ರೀಫ್ ಟ್ಯಾಂಕ್ (ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಡುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಲೈಟು, ಉಪ್ಪು, ಪಂಪುಗಳ ವಿವರ ಚೆನ್ನಾಗಿತ್ತು. ಆದರೆ ಹವಳದ ಫ್ರ್ಯಾಗ್, ಅಂದರೆ ಬೆಳೆಸಲೆಂದು ಕತ್ತರಿಸಿದ ತುಂಡು, ಕೂರಿಸುವ ಮಾತು ಬಂದಾಗ ‘ಸೂಪರ್ ಗ್ಲೂ ಹಚ್ಚಿ ಕಲ್ಲಿಗೆ ಅಂಟಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಹೊಸಬರು ಎಡವುವುದೇ ಅಲ್ಲಿ.

ಗ್ಲೂ ಹಿಡಿದಿಡುವುದು ಸ್ವಲ್ಪ ಕಾಲ ಮಾತ್ರ. ಆಮೇಲೆ ಅಕ್ರೋಪೊರಾ, ಮಾಂಟಿಪೊರಾದಂಥ ಹವಳಗಳು ತಾವೇ ಬುಡ ಹರಡಿಕೊಂಡು ಕಲ್ಲನ್ನು ಕಚ್ಚಿಕೊಳ್ಳುತ್ತವೆ. ಫ್ರ್ಯಾಗ್ ಅಲುಗಾಡುತ್ತಿದ್ದರೆ ಬುಡ ಹರಡುವುದೇ ಇಲ್ಲ. ಹಾಗಾಗಿ ಯಾವ ಬ್ರ್ಯಾಂಡಿನ ಗ್ಲೂ ಅನ್ನೋದಕ್ಕಿಂತ ಹೇಗೆ ಕೂರಿಸಿದ್ದೀರಿ ಅನ್ನೋದೇ ಮುಖ್ಯ.

ನೀರಿನಂತೆ ಹರಿಯುವ ಗ್ಲೂ ಬೇಡ, ಜೆಲ್ ಬೇಕು. ಸೂಪರ್ ಗ್ಲೂನಲ್ಲಿರುವ ಸಯನೊಅಕ್ರಿಲೇಟ್ ಗಟ್ಟಿಯಾಗುವುದೇ ತೇವ ತಾಗಿದಾಗ. ಅದಕ್ಕೇ ನೀರಿಗೆ ಇಳಿಸಿದ ಕೂಡಲೇ ಅದರ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಸುಮ್ನೆ ಒತ್ತಿದರೆ ಆ ಪೊರೆ ಕಲ್ಲಿಗೆ ತಾಗುತ್ತದೆಯೇ ಹೊರತು ಗ್ಲೂ ತಾಗುವುದಿಲ್ಲ. ಒತ್ತಿ, ಸ್ವಲ್ಪ ತಿರುಚಬೇಕು. ಪೊರೆ ಒಡೆದು ಒಳಗಿನ ಹಸಿ ಗ್ಲೂ ಕಲ್ಲನ್ನು ಹಿಡಿಯುತ್ತದೆ. ಅದಕ್ಕೂ ಮೊದಲು ಆ ಜಾಗದ ಪಾಚಿಯನ್ನು ಬ್ರಷ್‌ನಿಂದ ಉಜ್ಜಿರಬೇಕು. ತುಂಡು ಭಾರವಾಗಿದ್ದರೆ ಫ್ರ್ಯಾಗಿಗೊಂದು ಪದರ ಗ್ಲೂ, ನಡುವೆ ಎಪಾಕ್ಸಿ ಪುಟ್ಟಿ (ನಾದಿ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟು), ಕಲ್ಲಿನ ಕಡೆಗೆ ಮತ್ತೆ ಗ್ಲೂ. ಒದ್ದೆ ಕಲ್ಲಿಗೆ ಪುಟ್ಟಿಯೊಂದೇ ಸರಿಯಾಗಿ ಹಿಡಿಯುವುದಿಲ್ಲ. ಒಂದೇ ಸಲ ಪುಟ್ಟಿ ಜಾಸ್ತಿ ಬಳಸಿದರೆ ಸ್ಕಿಮ್ಮರ್ (ಗುಳ್ಳೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಉಪಕರಣ) ನೊರೆ ಉಕ್ಕಿಸುತ್ತದೆ, ಅಷ್ಟೇ.

ಅಂಗಡಿಯಿಂದ ಬಂದ ಪ್ಲಗ್ (ಫ್ರ್ಯಾಗ್ ಕೂರಿಸಿರುವ ಪುಟ್ಟ ಬಿಲ್ಲೆ) ಸಮೇತ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಡಿಪ್ ಮಾಡಿದರೆ, ಅಂದರೆ ಹುಳು ತೆಗೆಯುವ ದ್ರಾವಣದಲ್ಲಿ ಅದ್ದಿದರೆ, ಹವಳ ತಿನ್ನುವ ಚಪ್ಪಟೆ ಹುಳುಗಳು ಉದುರುತ್ತವೆ ನಿಜ, ಆದರೆ ಅವುಗಳ ಮೊಟ್ಟೆ ಸಾಯುವುದಿಲ್ಲ. ಪ್ಲಗ್ಗಿನ ಮೇಲೆ, ಹವಳದ ಬುಡದಲ್ಲಿ ಕೂತೇ ಇರುತ್ತವೆ. ಕಟರ್‌ನಿಂದ ಪ್ಲಗ್ ಬೇರ್ಪಡಿಸಿ ಎಸೆಯಿರಿ. ನೋಡಲೂ ಅದೇ ಚಂದ ಅಲ್ವಾ?

ಎಲ್ಲಕ್ಕೂ ಗ್ಲೂ ಒಗ್ಗುವುದೂ ಇಲ್ಲ. ಮಶ್ರೂಮ್ ಹವಳ ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಅದನ್ನು ಪುಡಿಗಲ್ಲು ಹಾಕಿದ ಬಟ್ಟಲಿನಲ್ಲಿಟ್ಟು ಬಲೆ ಮುಚ್ಚಿದರೆ ತಾನೇ ಹಿಡಿದುಕೊಳ್ಳುತ್ತದೆ. ಗ್ಯಾಲಾಕ್ಸಿಯಾ ಎಂಬ ಹವಳ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ಪಕ್ಕದ ಹವಳವನ್ನು ಸುಡುತ್ತದೆ. ಆದ್ದರಿಂದ ಅಂಟಿಸುವ ಮೊದಲೇ ಸುತ್ತ ಜಾಗ ಬಿಡಬೇಕು. ಆಮೇಲೆ ಕಿತ್ತರೆ ಬುಡ ಮುರಿಯುತ್ತದೆ.

ಇವೆಲ್ಲ ಬಿಟ್ಟುಹೋದರೆ ನಷ್ಟ ಹವಳಕ್ಕೆ. ಜೋವಾಂತಿಡ್ (ಚಿಕ್ಕದಾಗಿ ಜೋವಾ) ಎಂಬ ಮೆತ್ತನೆಯ ಹವಳದಂಥ ಜೀವಿಗಳ ವಿಷಯ ಬಿಟ್ಟುಹೋದರೆ ಮನುಷ್ಯರಿಗೇ ಅಪಾಯ. ಬಣ್ಣಬಣ್ಣದ ಈ ಜೋವಾಗಳನ್ನು ಹೊಸಬರಿಗೆ ಸುಲಭದ ಹವಳ ಎಂದು ಕೊಡುತ್ತಾರೆ. ಅವುಗಳಲ್ಲಿ ಕೆಲವಕ್ಕೆ, ಅದರಲ್ಲೂ ಪಾಲಿತೋವಾ ಜಾತಿಯವಕ್ಕೆ, ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ನೋಡಿ ಗುರುತಿಸುವುದು ಕಷ್ಟ. ಕತ್ತರಿಸುವಾಗ ರಸ ಕಣ್ಣಿಗೆ ಚಿಮ್ಮಬಹುದು, ಕೈಯ ಗಾಯಕ್ಕೆ ತಾಗಬಹುದು. ಗ್ಲೌಸ್, ಕನ್ನಡಕ ಎರಡೂ ಬೇಕು. ಜೋವಾ ಅಂಟಿರುವ ಕಲ್ಲನ್ನು ತೊಳೆಯಲೆಂದು ಕುದಿಸಲೇಬಾರದು, ಬಿಸಿನೀರು ಸುರಿಯಲೂಬಾರದು. ಹಾಗೆ ಮಾಡಿ, ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಲೇಖನದಲ್ಲಿ ಇದರ ಸುಳಿವೇ ಇರಲಿಲ್ಲ. ಉಳಿದದ್ದಕ್ಕೆ ಜಾಗವಿಲ್ಲದಿದ್ದರೂ ಇದೊಂದನ್ನು ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಿ.

ಇತಿ,
ಹವಳ ಸಾಕುವ ಒಬ್ಬ ಓದುಗ