ಲ್ಯಾಬ್ ಒಪ್ಪಿಸುವ ಮೊದಲು ಕೇಬಲ್ ಪರೀಕ್ಷಿಸಿ

ಮಾನ್ಯರೇ,

ಯಾದಗಿರಿ ಜಿಲ್ಲೆಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಜೋಡಿಸುವ ಕೆಲಸ ನನ್ನದು. ಶಹಾಪುರ ಕಡೆಯ ಒಂದು ಶಾಲೆಯ ಹೊಸ ಕಂಪ್ಯೂಟರ್ ಲ್ಯಾಬ್ ನೋಡಿ ಬೇಸರವಾಯಿತು. ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ದೀಪ ಮಿನುಗುತ್ತಿತ್ತು, ಪಿಂಗ್‌ಗೆ (ಸಂಪರ್ಕ ಇದೆಯೇ ಎಂದು ನೋಡಲು ಕಳಿಸುವ ಸಣ್ಣ ಸಂದೇಶ) ಉತ್ತರವೂ ಬರುತ್ತಿತ್ತು. ವೇಗ ಮಾತ್ರ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100 ಎಂಬಿಪಿಎಸ್. ಕೇಬಲ್ ಟೆಸ್ಟರ್ ಹಚ್ಚಿದರೆ ನಾಲ್ಕನೇ ತಂತಿಯ ದೀಪ ಹತ್ತಲೇ ಇಲ್ಲ. 100ಕ್ಕೆ 1, 2, 3, 6ನೇ ತಂತಿಗಳು ಸಾಕು. ಗಿಗಾಬಿಟ್‌ಗೆ ಕೇಬಲ್ ಒಳಗಿನ ಎಂಟೂ ತಂತಿ ಬೇಕು. ಹೀಗಾಗಿ ಬರೀ ಪಿಂಗ್ ನೋಡಿ ಎಲ್ಲ ಸರಿಯಿದೆ ಅಂದರೆ ಆಗಲ್ಲ. ಕರೆಂಟ್ ವೈರ್ ಜೊತೆಗೇ ಒಂದೇ ಪೈಪಿನಲ್ಲಿ ಕೇಬಲ್ ಎಳೆದಿದ್ದರು, ಅದು ಇನ್ನೂ ಅಪಾಯ. ಮಕ್ಕಳು ಕೂರುವ ಜಾಗ ಅದು, ಅಲ್ವಾ?

ಪ್ರತಿ ಕೇಬಲ್ ಟೆಸ್ಟ್ ಮಾಡಿ, ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಿ ತೋರಿಸಿದ ಮೇಲಷ್ಟೇ ಅಧಿಕಾರಿಗಳು ಬಿಲ್ ಪಾಸ್ ಮಾಡಲಿ.

– ಒಬ್ಬ ನೆಟ್‌ವರ್ಕ್ ಕೆಲಸಗಾರ, ಯಾದಗಿರಿ