ಮಗಳಿಗೊಂದು ಪತ್ರ: ನಿನ್ನ ಎಡಗೈಯ ಎಕ್ಸ್‌ರೇ

ಪುಟ್ಟಿ,

ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ನೀನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಎದುರಿಗೆ ಕೂತು ಮಾತಾಡೋಣ ಅಂದರೆ ನಿನಗೆ ಮುಜುಗರ, ನನಗೆ ಅದಕ್ಕಿಂತ ಜಾಸ್ತಿ. ಅದಕ್ಕೇ ಈ ಕಾಗದ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆರು ತಿಂಗಳ ಹಿಂದೆಯೇ ಅಮ್ಮ, ‘ಇವಳಿಗೆ 13 ತುಂಬಿತು, ಹರೆಯದ ಲಕ್ಷಣ ಇನ್ನೂ ಏನೂ ಶುರುವಾಗಿಲ್ಲ, ಒಮ್ಮೆ ತೋರಿಸೋಣ’ ಅಂದಿದ್ದಳು. ‘ಅದು ನನ್ನ ಕಡೆಯ ಬಳುವಳಿ, ತಾನಾಗೇ ಆಗುತ್ತೆ ಬಿಡು’ ಅಂತ ತಳ್ಳಿಹಾಕಿದವನು ನಾನು. ಹತ್ತನೇ ಕ್ಲಾಸಿನ ಫೋಟೋದಲ್ಲಿ ಸಾಲಿನ ತುದಿಗೆ ನಿಂತ ಪುಟಾಣಿ ಯಾರು ಅಂತ ನೀನೇ ಕೇಳಿದ್ದೆಯಲ್ಲ, ಅದು ನಾನೇ. ನನ್ನ ದನಿ ಒಡೆದದ್ದು 16 ದಾಟಿದ ಮೇಲೆ. ಹಾಗಾಗಿ ಡಾಕ್ಟರಿಗಿಂತ ಮೊದಲು ತೀರ್ಪು ಕೊಟ್ಟುಬಿಟ್ಟೆ.

ಊಹೆ ಪೂರ್ತಿ ತಪ್ಪಲ್ಲ, ಈ ನಿಧಾನ ಮನೆತನದಲ್ಲಿ ಹರಿದು ಬರುತ್ತದೆ, ಅಪ್ಪನಿಂದ ಮಗಳಿಗೂ ಬರುತ್ತದೆ. ಆದರೆ ಹುಡುಗರ ವಿಷಯದಲ್ಲಿ ಹೇಳಿದಷ್ಟು ಸಲೀಸಾಗಿ ಹುಡುಗಿಯರಿಗೆ ಹಾಗೆ ಹೇಳುವಂತಿಲ್ಲ. ಥೈರಾಯ್ಡ್ ಕಡಿಮೆ ಇರಬಹುದು, ತೂಕ ಸಾಲದಿರಬಹುದು, ಒಳಗೊಳಗೇ ಬಹುಕಾಲದ ಕಾಯಿಲೆ ಇರಬಹುದು. ಟರ್ನರ್ ಸಿಂಡ್ರೋಮ್ ಎಂಬುದೂ ಇದೆ. ಅದರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಇರುವುದಿಲ್ಲ. ಅಷ್ಟೊಂದು ಟ್ಯೂಬು ರಕ್ತ ತೆಗೆದದ್ದು ಅದಕ್ಕೇ. ಕ್ರೋಮೋಸೋಮ್ ವರದಿ ಬಂದಿದೆ: 46, ಎಕ್ಸ್‌ಎಕ್ಸ್. ಅಂದರೆ ಹುಡುಗಿಯರಿಗೆ ಇರಬೇಕಾದಂತೆ ಎರಡೂ ಎಕ್ಸ್ ಇವೆ. ಥೈರಾಯ್ಡ್ ಸರಿಯಿದೆ.

ಡಾಕ್ಟರು ‘ವಾಸನೆ ಚೆನ್ನಾಗಿ ಗೊತ್ತಾಗುತ್ತಾ?’ ಅಂದಾಗ ನಿನಗೆ ನಗು ಬಂತು. ನನಗೂ ವಿಚಿತ್ರ ಅನಿಸಿತ್ತು, ಆಮೇಲೆ ಓದಿಕೊಂಡೆ. ಹರೆಯಕ್ಕೆ ಚಾಲನೆ ಕೊಡುವ ನರಕೋಶಗಳು ಹುಟ್ಟುವುದು ಮೆದುಳಿನಲ್ಲಲ್ಲವಂತೆ, ಮೂಗಿನ ಹತ್ತಿರ! ಮಗು ಗರ್ಭದಲ್ಲಿರುವಾಗ ಅವು ವಾಸನೆಯ ನರಗಳ ಗುಂಟ ನಡೆದು ಮೆದುಳು ಸೇರುತ್ತವೆ. ಆ ದಾರಿ ಕೆಟ್ಟರೆ ವಾಸನೆಯೂ ಇಲ್ಲ, ಹರೆಯವೂ ತಾನಾಗಿ ಬರುವುದಿಲ್ಲ. ಕಾಲ್ಮನ್ ಸಿಂಡ್ರೋಮ್ ಅಂತಾರೆ. ಪಕ್ಕದ ಮನೆಯ ಒಗ್ಗರಣೆಯನ್ನು ಮಹಡಿಯ ಮೇಲಿಂದಲೇ ಪತ್ತೆ ಹಚ್ಚುವವಳು ನೀನು, ಆ ಚಿಂತೆ ಬೇಡ.

ಎಕ್ಸ್‌ರೇ ನೆನಪಿದೆಯಾ? ನಿನ್ನ ಎಡಗೈಯನ್ನು ಬೆಳಕಿಗೆ ಹಿಡಿದು, ಬೆರಳಿನ ಮೂಳೆಗಳ ತುದಿಯಲ್ಲಿದ್ದ ಸಣ್ಣ ಕಪ್ಪು ಗೆರೆಗಳನ್ನು ಪೆನ್ನಿನ ಮೊನೆಯಲ್ಲಿ ತೋರಿಸಿದರು. ಅದು ಎಳೆಮೂಳೆ, ಬೆಳವಣಿಗೆ ನಡೆಯುವ ಜಾಗ. ನಿನಗೀಗ 13 ವರ್ಷ 9 ತಿಂಗಳು. ಮೂಳೆಗೆ 11ರ ಹತ್ತಿರ. ಎತ್ತರಕ್ಕೆ ಇನ್ನೂ ಅವಕಾಶವಿದೆ ಅಂತ ಅರ್ಥ. ಹುಡುಗಿಯರಲ್ಲಿ ಸಾಮಾನ್ಯವಾಗಿ ಹರೆಯ ಕಣ್ಣು ಬಿಡುವುದೂ ಮೂಳೆ ಸುಮಾರು ಈ ವಯಸ್ಸಿಗೆ ಬಂದಾಗಲೇ.

ಹಾರ್ಮೋನ್ ವರದಿಯಲ್ಲಿ ಎಫ್‌ಎಸ್‌ಎಚ್ ಕಡಿಮೆ ಇದೆ. ಅದು ಅಂಡಾಶಯವನ್ನು ಎಬ್ಬಿಸಲು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್. ಹೆಚ್ಚಿದ್ದರೆ ಮೆದುಳು ಕೂಗಿ ಕೂಗಿ ಕರೆದರೂ ಅಂಡಾಶಯ ಓಗೊಡುತ್ತಿಲ್ಲ ಅಂತಾಗುತ್ತಿತ್ತು. ನಿನ್ನ ಮೆದುಳು ಇನ್ನೂ ಕರೆದೇ ಇಲ್ಲ. ಅದು ಬರೀ ತಡವೋ ಬೇರೆಯೋ ಅಂತ ಒಂದೇ ಪರೀಕ್ಷೆಯಲ್ಲಿ ಖಚಿತವಾಗುವುದಿಲ್ಲ, ಕಾಲವೇ ಹೇಳಬೇಕು. ಇದನ್ನು ನಿನ್ನಿಂದ ಮುಚ್ಚಿಡಲು ನನಗಿಷ್ಟವಿಲ್ಲ.

ಈಗ ಎರಡು ದಾರಿ. ಆರು ತಿಂಗಳು ಎತ್ತರ, ತೂಕ ನೋಡುತ್ತಾ ಕಾಯುವುದು. ಇಲ್ಲವೇ ಹುಡುಗಿಯರಲ್ಲಿ ಹರೆಯದ ಬದಲಾವಣೆ ತರುವ ಈಸ್ಟ್ರೊಜೆನ್ ಹಾರ್ಮೋನನ್ನು ತೀರಾ ಸಣ್ಣ ಪ್ರಮಾಣದಲ್ಲಿ, ಮಾತ್ರೆಯಾಗಿಯೋ ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿಯೋ ಕೆಲವು ತಿಂಗಳು ಕೊಟ್ಟು, ನಿಲ್ಲಿಸಿ, ಮೈ ತಾನೇ ಮುಂದುವರಿಸುತ್ತದೆಯೇ ಅಂತ ನೋಡುವುದು. ಮುಂದುವರಿಸದಿದ್ದರೆ ಎರಡು–ಮೂರು ವರ್ಷದಲ್ಲಿ ನಿಧಾನವಾಗಿ ಪ್ರಮಾಣ ಏರಿಸಿ, ಆಮೇಲೆ ಮುಟ್ಟಿನ ಚಕ್ರಕ್ಕೆ ಬೇಕಾದ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಸೇರಿಸುತ್ತಾರೆ. ಆತುರಪಟ್ಟು ಮೊದಲೇ ಜಾಸ್ತಿ ಕೊಟ್ಟರೆ ಆ ಕಪ್ಪು ಗೆರೆಗಳು ಬೇಗ ಮುಚ್ಚಿಕೊಳ್ಳುತ್ತವೆ, ಎದೆಯ ಬೆಳವಣಿಗೆಯೂ ಸರಿಯಾಗಿ ಆಗದಿರಬಹುದು. ‘ಮುಟ್ಟು ಬರಿಸೋ ಮಾತ್ರೆ ಕೊಡಿಸಿ’ ಅಂತ ಒಬ್ಬರು ನಿನ್ನೆದುರೇ ಸಲಹೆ ಕೊಟ್ಟರಲ್ಲ, ಅದನ್ನು ಅಲ್ಲೇ ಬಿಟ್ಟುಬಿಡು. ಮೊದಲು ಎದೆ ಮೊಗ್ಗಾಗಬೇಕು. ಮುಟ್ಟು ಸಾಮಾನ್ಯವಾಗಿ ಅದಾದ ಎರಡು, ಎರಡೂವರೆ ವರ್ಷಕ್ಕೆ.

ನನಗೆ ಕಾಯುವುದೇ ಸರಿ ಅನಿಸುತ್ತದೆ. ಆದರೆ ಕ್ಲಾಸಿನಲ್ಲಿ ಬಟ್ಟೆ ಬದಲಿಸುವಾಗ ಗೋಡೆಗೆ ಮುಖ ಮಾಡಿ ನಿಲ್ಲುವವಳು ನೀನು, ನಾನಲ್ಲ. ಅದನ್ನು ಅಮ್ಮ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಅಷ್ಟು ಹಿಂಸೆಯಾಗುತ್ತಿದ್ದರೆ, ಪ್ಯಾಚ್ ಬೇಕು ಅಂತ ಕೇಳುವುದರಲ್ಲಿ ಯಾವ ಸೋಲೂ ಇಲ್ಲ.

ಮುಂದಿನ ಸಲ ಡಾಕ್ಟರ ಕೋಣೆಯೊಳಗೆ ನಾನು ಬರಲೋ, ಅಮ್ಮ ಬರಲೋ, ನೀನೊಬ್ಬಳೇ ಹೋಗುತ್ತೀಯೋ, ಹೇಳು. ಬಾಯಲ್ಲಿ ಹೇಳಲಾಗದಿದ್ದರೆ ಈ ಕಾಗದದ ಹಿಂದೆ ಬರೆದು ಮೇಜಿನ ಖಾನೆಯಲ್ಲಿಡು. ಎಕ್ಸ್‌ರೇ ಕವರೂ ಅಲ್ಲೇ ಇದೆ.

ನಿನ್ನ
ಅಪ್ಪ